ಒಂದೇ ವಾರದಲ್ಲಿ ಉಳುಕಿದ ಎರಡು ಕಾಲು

ಹುಣಸೂರು
೬ ಜನವರಿ ೧೯೩೯

ಹೈಸ್ಕೂಲು ಹಾಸ್ಟೆಲಿನ ಮೂರನೇ ಕೋಣೆಯಲ್ಲಿ ದಿಂಬಿನ ಮೇಲೆ ವಿರಾಜಮಾನವಾಗಿರುವ ಶ್ರೀಮಾನ್ ಗುರುಸ್ವಾಮಿಯವರ ಬಲಪಾದದ ಆಸ್ಥಾನದಿಂದ ತಂಗಿ ಸುನಂದೆಗೆ ಹೊರಡಿಸಿದ ಪ್ರಕಟಣೆ ಏನೆಂದರೆ:

ನಿನ್ನೆ ಸಾಯಂಕಾಲ ಸದರಿ ಪಾದವು ಬ್ಯಾಸ್ಕೆಟ್ ಬಾಲ್ ಆಡುತ್ತಾ, ಚೆಂಡನ್ನು ಕಬ್ಬಿಣದ ಬಳೆಯೊಳಗೆ ಹಾಕಲೆಂದು ನೆಗೆದು, ಇಳಿಯುವಾಗ ಭೂಮಾತೆಯ ಮೇಲೆ ಇಳಿಯದೆ ಮಕ್ಬೂಲನ ಪಾದದ ಮೇಲೆ ಇಳಿದು, ಕೀಲಿನ ಬಳಿ ಒಳಕ್ಕೆ ಹೊರಳಿ ವೀರಸ್ವರ್ಗದ ಬಾಗಿಲವರೆಗೆ ಹೋಗಿ ಬಂದಿತು. ಮೂಳೆ ಮುರಿದಿಲ್ಲ. ಉಳುಕಿದೆ. ಎಳೆ ಹಲಸಿನ ಕಾಯಿಯಷ್ಟು ಊದಿದೆ.

ನಾಟಿ ವೈದ್ಯರು ಮೊಟ್ಟೆಯ ಬಿಳಿ ಹಚ್ಚಿ ಪಟ್ಟಿ ಕಟ್ಟಿದ್ದಾರೆ. ಮಕ್ಬೂಲನ ತಾಯಿ ಖಮರುನ್ನೀಸಾ ಬೀಬಿಯವರು ಆಗಲೇ ಕುರಿಕಾಲಿನ ಸಾರು ಕಳಿಸಿದ್ದಾರೆ, ಇನ್ನು ದಿನಾ ಬರುತ್ತದಂತೆ. ಕುರಿಯ ಕಾಲು ಹೋಗಿ ನನ್ನ ಕಾಲಿಗೆ ಸೇರಲಿ ಎಂಬ ಆಶಯ. ಡ್ರಿಲ್ ಮೇಷ್ಟ್ರು, "ಶಿವರಾತ್ರಿ ಕಳೆದ ಮೇಲೆ ಪಿರಿಯಾಪಟ್ಟಣದವರ ಮೇಲೆ ಕಪ್ಪಿನ ಪಂದ್ಯ ಇದೆ, ಅಲ್ಲಿವರೆಗೆ ಇವನು ಕಾಲು ನೆಲಕ್ಕಿಟ್ಟರೆ ನಿಮ್ಮ ಚರ್ಮ ಸುಲಿತೀನಿ" ಎಂದು ಉಳಿದ ಹುಡುಗರಿಗೆ ಅಪ್ಪಣೆ ಮಾಡಿದ್ದಾರೆ. ಆದಕಾರಣ ಇಬ್ಬರು ನನ್ನನ್ನು ಹೊತ್ತು ತಿರುಗುತ್ತಿದ್ದಾರೆ. ಉತ್ಸವಮೂರ್ತಿಗೂ ಇಷ್ಟು ಸುಖವಿಲ್ಲ.

ಅಜ್ಜಿಗೆ ನಿಧಾನವಾಗಿ ತಿಳಿಸುವುದು.

ಹೀಗೆಂದು ಪಾದದ ಪರವಾಗಿ ರುಜು ಮಾಡಿದವನು,
ಗುರುಸ್ವಾಮಿ


ಕೃಷ್ಣರಾಜನಗರ
೧೧ ಜನವರಿ

ಅಣ್ಣ,

ಪ್ರಕಟಣೆಯನ್ನು ಅಪ್ಪ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಓದಿದರು. ಅಜ್ಜಿ ನಿಧಾನವಾಗಿ ಏನೂ ತಿಳಿದುಕೊಳ್ಳಲಿಲ್ಲ. "ಅಯ್ಯೋ ನನ್ ಕೂಸಿನ ಕಾಲು" ಎಂದು ಒಲೆಯ ಮುಂದೆ ಕೂತು ಅತ್ತರು. ನಾಳೆಯ ಬಸ್ಸಿಗೆ ಹರಳೆಣ್ಣೆ, ಕಾಸಿದ ತುಪ್ಪ, ಹುರಿಟ್ಟು ಬರುತ್ತವೆ. ಹುರಿಟ್ಟಿಗೆ ರಾಗಿ ಬೀಸಿದವಳು ನಾನು.

ನನ್ನದೂ ಒಂದು ಸುದ್ದಿಯಿದೆ. ನಾನೂ ಬಿದ್ದೆ, ನಿನಗಿಂತ ಎರಡು ದಿನ ಮುಂಚೆ, ಅದೇ ಆಟದಲ್ಲಿ. ಮೈಸೂರಿನಿಂದ ಬಂದಿರುವ ಅಜ್ಮತುನ್ನೀಸಾ ಟೀಚರು ಹೊಂಗೆಮರಕ್ಕೆ ಬಳೆ ಹೊಡೆಸಿ ನಮಗೂ ಕಲಿಸುತ್ತಿದ್ದಾರೆ ಎಂದು ಬರೆದಿದ್ದೆನಲ್ಲ. ನೀವು ಕ್ಯಾನ್ವಾಸ್ ಬೂಟು ಹಾಕುತ್ತೀರಿ, ನಾವು ಬರಿಗಾಲು, ಲಂಗ. ಟೀಚರು ಎಲ್ಲರಿಗೂ "ಕಾಲಿನ ಕಡಗ ತೆಗೆದಿಟ್ಟು ಬನ್ನಿ" ಎನ್ನುತ್ತಾರೆ. ಉಳಿದವರದಕ್ಕೆ ತಿರುಪು ಇದೆ, ತೆಗೆದಿಡುತ್ತಾರೆ. ನನ್ನದು ಬಡಿದು ಮುಚ್ಚಿದ್ದು. ಬಟ್ಟೆ ಸುತ್ತಿ ಆಡುತ್ತೇನೆ. ನೆಗೆದು ಇಳಿಯುವಾಗ ಬಲಗಾಲು ಹೊರಳಿತು.

ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಆಟ ಬಿಡಿಸುವುದಿಲ್ಲ, ಶಾಲೆಯನ್ನೇ ಬಿಡಿಸುತ್ತಾರೆ. ನಡೆದೇ ಬಂದೆ, ನೀರೂ ಸೇದಿದೆ. ಈಗ ಊತ ಕಡಗದ ಮೇಲೊಂದು ಕೆಳಗೊಂದು ಎರಡು ಉಂಡೆಯಾಗಿ ನಿಂತಿದೆ. ನಡುವೆ ಕಡಗ ಕಾಣುವುದಿಲ್ಲ.

ನಿನ್ನ ವೈದ್ಯರನ್ನು ಕೇಳಿ ನನಗೂ ಏನಾದರೂ ಬರೆ; ಇನ್ನು ಮೇಲೆ ಕಾಗದವನ್ನು ಅಂಚೆಯವನ ಕೈಯಿಂದ ನಾನೇ ಇಸಿದುಕೊಳ್ಳುತ್ತೇನೆ. ತಮಾಷೆ ಆಮೇಲೆ ಮಾಡು.

ಸುನಂದ


ಹುಣಸೂರು
೧೫ ಜನವರಿ

ಪಾದಬಾಂಧವಿ ಸುನಂದೆಗೆ,

ಒಂದೇ ಮನೆಯ ಎರಡು ಬಲಗಾಲುಗಳು ಒಂದೇ ವಾರದಲ್ಲಿ ಉಳುಕಿದ್ದರಿಂದ ಮಕ್ಬೂಲನ ಅಧ್ಯಕ್ಷತೆಯಲ್ಲಿ ಪಂಡಿತ ಸಭೆ ಕರೆದೆವು. ವಿಷಯ: ಗಂಡುಕಾಲು ಮತ್ತು ಹೆಣ್ಣುಕಾಲು. ಡ್ರಿಲ್ ಮೇಷ್ಟ್ರು ಮೀಸೆ ತೀಡಿ ಅಪ್ಪಣೆ ಕೊಡಿಸಿದ್ದು: "ಹೆಂಗಸರ ಕೀಲು ಸೃಷ್ಟಿಯಲ್ಲೇ ಸಡಿಲ ಕಣ್ರೋ. ನೆಗೆಯೋಕೆ ಮಾಡಿದ್ದಲ್ಲ ಅದು. ಅದಕ್ಕೇ ಅವರು ಜಾಸ್ತಿ ಉಳುಕಿಸ್ಕೋತಾರೆ." ಮಕ್ಬೂಲ್ ಎದ್ದು, "ಹಂಗಾರೆ ಸಾರ್, ಗುರುಸ್ವಾಮಿದೂ ಹೆಣ್ಣುಕಾಲೇ ಇರ್ಬೇಕು" ಅಂದ. ಸಭೆ ಅಲ್ಲಿಗೆ ಬರಖಾಸ್ತಾಯಿತು. ಮಕ್ಬೂಲ್ ಈಗಲೂ ಮೈದಾನ ಸುತ್ತುತ್ತಿದ್ದಾನೆ.

ವೈದ್ಯರು ಹೇಳಿದ್ದು: ಮೊದಲು ಕಡಗ ತೆಗೆಯಬೇಕು, ಆಮೇಲೆ ಮದ್ದು. ಅದಕ್ಕೇನು? ಅಕ್ಕಸಾಲಿಯನ್ನು ಕರೆಸಿ ತೆಗೆಸಿಬಿಡು. ನನ್ನ ಊತ ಇಳಿದಿದೆ, ಗೋಡೆ ಹಿಡಿದು ನಿಲ್ಲುತ್ತೇನೆ. ಸಾರಿನ ಆಸೆಗೆ ಯಾರಿಗೂ ಹೇಳಿಲ್ಲ.

ಗುರುಸ್ವಾಮಿ,
ಏಕಪಾದ ಪೀಠಾಧಿಪತಿ


ಕೃಷ್ಣರಾಜನಗರ
೨೨ ಜನವರಿ

ಅಣ್ಣ,

ಎಲ್ಲರಿಗೂ ಗೊತ್ತಾಯಿತು. ನೀರಿನ ಕೊಡ ಹೊತ್ತು ಬರುವಾಗ ಹಟ್ಟಿಯಲ್ಲಿ ಬಿದ್ದೆ. ಈಗ ಕಡಗದ ಸುತ್ತ ಹುಣ್ಣಾಗಿದೆ, ಸಂಜೆಯಾದರೆ ಚಳಿಜ್ವರ. ಅಪ್ಪ ಆಸ್ಪತ್ರೆಗೆ ಗಾಡಿಯಲ್ಲಿ ಕರೆದುಕೊಂಡು ಹೋದರು. ಡಾಕ್ಟರು ನೋಡಿದವರೇ ಅಪ್ಪನನ್ನು ಬೈದರು. "ಇವತ್ತೇ ಕತ್ತರಿಸಿ ತೆಗೆಸಿ. ಇಲ್ಲದಿದ್ದರೆ ಮುಂದೆ ನಾನು ಕತ್ತರಿಸೋದು ಕಡಗವಾಗಿರೋಲ್ಲ" ಎಂದರು.

ಅಜ್ಜಿ ಬಿಡುವುದಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಮ್ಮ ಅಕ್ಕ ಸುಂದ್ರಮ್ಮ ನಿನಗೆ ನೆನಪಿಲ್ಲ, ನೀನು ಆಗ ಮಗು. ಅವಳಿಗೆ ಜ್ವರ ಬಂದು ಕಾಲು ಊದಿದಾಗ ಯಾರೋ ಹೇಳಿದರೆಂದು ಕಡಗ ತೆಗೆಸಿದರಂತೆ. ಅವಳು ಉಳಿಯಲಿಲ್ಲ. ಅದಕ್ಕೇ ನಾನು ಹುಟ್ಟಿದಾಗ ಮಾರಮ್ಮನಿಗೆ ಹರಕೆ: ಇವಳ ಕಾಲಿನ ಕಡಗವನ್ನು ಇವಳ ಸೋದರಮಾವನ ಕೈಯಿಂದಲೇ ಬಿಚ್ಚಿಸಬೇಕು, ಬೇರೆ ಯಾರೂ ಕಾಲು ಬರಿದು ಮಾಡಬಾರದು. ನಾನು ಬೆಳೆದ ಹಾಗೆಲ್ಲ ಅಕ್ಕಸಾಲಿ ಮುದ್ದಯ್ಯ ಮನೆಗೇ ಬಂದು, ದೊಡ್ಡದನ್ನು ಬಡಿದು ಮುಚ್ಚಿದ ಮೇಲೇ ಹಳೆಯದನ್ನು ತೆಗೆಯುತ್ತಿದ್ದ. ಒಂದು ಗಳಿಗೆಯೂ ಕಾಲು ಬರಿದಾಗಿದ್ದಿಲ್ಲ. "ಬಿಚ್ಚಿ ಇವಳನ್ನೂ ಕಳ್ಕೊಳ್ಳಾ? ಮೊದ್ಲು ನನ್ನ ಮಣ್ ಮಾಡ್ಬುಡಿ, ಆಮೇಕೆ ಬಿಚ್ಚಿ" ಎಂದು ಅಜ್ಜಿ ಊಟ ಬಿಟ್ಟು ಕೂತಿದ್ದಾರೆ.

ಅವ್ವನ ತಿಥಿಯ ದಿನ ಜಗಳವಾದ ಮೇಲೆ ಹಂಪಾಪುರದ ನಂಜುಂಡಸ್ವಾಮಿ ಮಾವ ಈ ಕಡೆ ತಲೆ ಹಾಕಿಲ್ಲ. ಅದೂ ಅಲ್ಲದೆ ಮಾವ ಬಂದು ಬಿಚ್ಚುವುದು ಎಂದರೆ ಏನೆಂದು ನಾನು ಬರೆಯುವುದು ಬೇಡ.

ಅಪ್ಪ ಎರಡು ಮನಸ್ಸಿನಲ್ಲಿದ್ದಾರೆ. ನಿನ್ನ ಮಾತಾದರೆ ಕೇಳುತ್ತಾರೆ. ನೀನು ಬಾ.

ಸುನಂದ


ಹುಣಸೂರು
೨೮ ಜನವರಿ

ಸುನಂದ,

ಹೊರಟೇ ಇದ್ದೆ. ಡ್ರಿಲ್ ಮೇಷ್ಟ್ರು ಬಸ್ ಸ್ಟ್ಯಾಂಡಿಗೇ ಬಂದು, "ಪಂದ್ಯ ಹತ್ತಿರ ಇರೋವಾಗ ಆ ಕಾಲು ಬಸ್ಸಲ್ಲಿ ಕುಕ್ಕಿಸ್ಕೊಂಡು ಹೋಗ್ತೀಯೇನೋ" ಎಂದು ಹಿಂದಕ್ಕೆ ಕರೆತಂದರು. ಆದರೆ ಹೆದರಬೇಡ. ಕಾಲಿಗೆ ಬಾರದ್ದು ಕೈಗೆ ಬಂತು. ಕೂತಲ್ಲಿಂದಲೇ ಕಾರ್ಯ ಸಾಧಿಸಿದ್ದೇನೆ. ಈ ಕಾಗದ ಓದಿ ಒಲೆಗೆ ಹಾಕು.

ಮಾವನಿಗೆ ಓದು ಬರಹ ಬಾರದು. ಯಾರ ಕೈಯಲ್ಲೋ ಬರೆಸಿ ಹೆಬ್ಬೆಟ್ಟು ಒತ್ತುತ್ತಾರೆ. ಹಾಗಿದ್ದ ಮೇಲೆ ಆ 'ಯಾರೋ' ನಾನೇ ಯಾಕಾಗಬಾರದು? ಹೆಬ್ಬೆಟ್ಟು ಮಕ್ಬೂಲನದು. ಅವನ ಅಣ್ಣ ಮುಖ್ತಾರ್ ಮರದ ಗಾಡಿಗಳ ಜೊತೆ ಹೆಗ್ಗಡದೇವನಕೋಟೆಗೆ ಹೋಗಿದ್ದವರು ಅಲ್ಲೇ ಅಂಚೆಗೆ ಹಾಕಿದ್ದಾರೆ; ಮಾವನ ಊರಿನ ಅಂಚೆಯೂ ಅಲ್ಲಿಂದಲೇ ಬರುವುದರಿಂದ ಮುದ್ರೆ ಕೂಡ ಸಾಚಾ. ನಕಲು ನಿನ್ನ ಆನಂದಕ್ಕಾಗಿ:

"ಭಾವ ನಿಂಗಯ್ಯನವರಿಗೆ ಹಂಪಾಪುರದ ನಂಜುಂಡಸ್ವಾಮಿಯ ಶರಣು. ಮಗುವಿನ ಕಾಲಿನ ಸಂಗತಿ ಕಿವಿಗೆ ಬಿತ್ತು. ಅಕ್ಕ ಹೋದ ಮೇಲೆ ನಮ್ಮೊಳಗೆ ಮನಸ್ತಾಪ ಇನ್ನೂ ಯಾಕೆ? ಸುನಂದಳ ಕಾಲಿನ ಕಡಗ ಬಿಚ್ಚುವ ಹಕ್ಕು ನನ್ನದು, ಹೊಣೆಯೂ ನನ್ನದು. ಮಾರಮ್ಮನ ಮುಂದೆ ನಾನು ಒಪ್ಪಿದ್ದೇನೆ. ಕಡಗ ಇಳಿಯಲಿ. ದೊಡ್ಡವರು, ಮಗುವಿನ ಅಜ್ಜಿ ಚಿಕ್ಕಬೀರಮ್ಮನವರು ನೆಮ್ಮದಿಯಾಗಿ ಊಟ ಮಾಡಲಿ."

ಊಟದ ಮಾತು ಹೇಗಿದೆ? ಅಲ್ಲಿ ಮಕ್ಬೂಲ್ ಕಣ್ಣೊರೆಸಿಕೊಂಡ. ಮಾವನ ಅಪ್ಪಣೆ ಸಿಕ್ಕಮೇಲೆ ಅಜ್ಜಿ ಏನೂ ಅನ್ನಲಾರರು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಕಾಲು ಬಿಡುಗಡೆಯಾಗಿರುತ್ತದೆ.

ನಂಜುಂಡಸ್ವಾಮಿ (ಎರಡನೆಯವನು)


ಕೃಷ್ಣರಾಜನಗರ
೨ ಫೆಬ್ರವರಿ

ಅಣ್ಣ,

ನೀನು ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಸೋಮವಾರ ಅಪ್ಪ ಕೊನೆಗೂ ಗಟ್ಟಿ ಮನಸ್ಸು ಮಾಡಿ ಮುದ್ದಯ್ಯನನ್ನು ಕರೆತಂದಿದ್ದರು. ಅಜ್ಜಿ ದೇವರ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಅಳುತ್ತಿದ್ದರು. ನಾನು ಮಣೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಮುದ್ದಯ್ಯ, "ಕಣ್ ಮುಚ್ಕೊ ಅವ್ವ, ನೋಯ್ತದೆ" ಎಂದು ಅರ ಎಳೆಯಲು ಶುರು ಮಾಡಿದ್ದ. ಬೆಳ್ಳಿಯ ಪುಡಿ ಪಾದದ ಮೇಲೆ ಉದುರುತ್ತಿತ್ತು. ಅಷ್ಟರಲ್ಲಿ ಅಂಚೆಯವನು ಬಂದ.

ಅಪ್ಪ ನಿಂತುಕೊಂಡೇ ಓದಿದರು. ಇನ್ನೊಮ್ಮೆ ಓದಿದರು. "ಮುದ್ದಯ್ಯ, ಕೈ ತಗಿ" ಎಂದರು. ಅಜ್ಜಿಗೆ ಬಾಗಿಲ ಸಂದಿಯಿಂದಲೇ ಓದಿ ಹೇಳಿದರು. ಅಜ್ಜಿ ಹೊರಗೆ ಬಂದು ನನ್ನ ಮುಖಕ್ಕೆ ನಿವಾಳಿಸಿ ಲಟಿಕೆ ಮುರಿದರು. "ಮಾರವ್ವ ಕಣ್ ಬುಟ್ಳು ಕಣ ಮಗ" ಎಂದು ಆ ದಿನವೇ ಉಂಡರು.

ನಿನಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹುಡುಗಿಯ ಕಡಗ ಬಿಚ್ಚುವ ಹಕ್ಕು ನನ್ನದು ಎಂದು ಸೋದರಮಾವ ಹೇಳಿಕಳಿಸಿದರೆ, ಹುಡುಗಿಯನ್ನು ಕೇಳಿದ ಹಾಗೆ. ತಾಳಿ ಕಟ್ಟಿ, ಆಮೇಲೆ ಬಿಚ್ಚುತ್ತಾನೆ. ಅವ್ವನ ಕಡಗವನ್ನು ಅಪ್ಪ ಬಿಚ್ಚಿದ್ದೂ ಹಾಗೆಯೇ. ಅಪ್ಪ ಅವ್ವನಿಗೆ ದೂರದ ಸೋದರಮಾವನೇ. ಇದು ಹೆಂಗಸರು ಒಳಗೆ ಕೂತು ಆಡುವ ಮಾತು. ನೀನು ಆಗ ಬೀದಿಯಲ್ಲಿ ಯಾರ ಪಂಚೆಗೋ ಪಟಾಕಿ ಕಟ್ಟುತ್ತಿದ್ದೆ.

ಮಾವನ ಹೆಂಡತಿ ತೀರಿಕೊಂಡು ವರ್ಷವಾಗಿದೆ. ಅಪ್ಪ ಮರುದಿನವೇ ಎಲೆ ಅಡಿಕೆ ತೆಗೆದುಕೊಂಡು ಹಂಪಾಪುರಕ್ಕೆ ಹೊರಟರು. ಅವರು ಹೋದ ಮೇಲೆ ನಿನ್ನ ಕಾಗದ ಬಂತು. ಒಲೆಗೆ ಹಾಕಿಲ್ಲ.

ಮಾವ 'ನಾನು ಬರೆಸಿಲ್ಲ' ಎಂದುಬಿಟ್ಟರೆ ಸಾಕು. ಅಪ್ಪನಿಗೆ ಅವಮಾನವಾಗುತ್ತದೆ, ನಿನಗೆ ಏಟು ಬೀಳುತ್ತದೆ, ಮುದ್ದಯ್ಯ ಮತ್ತೆ ಬರುತ್ತಾನೆ. ಅದನ್ನೇ ಕಾಯುತ್ತಿದ್ದೇನೆ.

ಸುನಂದ


ಹುಣಸೂರು
೫ ಫೆಬ್ರವರಿ

ಸುನಂದ,

ಅಪ್ಪನಿಗೆ ಈಗಲೇ ಬರೆದು ಹಾಕಿದೆ: ಬರೆದವನು ನಾನು, ಹೆಬ್ಬೆಟ್ಟು ಮಕ್ಬೂಲನದು, ಮಾವನಿಗೆ ಏನೂ ಗೊತ್ತಿಲ್ಲ, ನನ್ನ ಬೆನ್ನ ಚರ್ಮ ತೆಗೆಯಿರಿ ಆದರೆ ಮೊದಲು ಕಡಗ ತೆಗೆಸಿ ಎಂದು. ಒಂದು ಅಕ್ಷರವೂ ತಮಾಷೆಯಿಲ್ಲ. ಮಕ್ಬೂಲ್ ಓದಿ ನೋಡಿ, "ನೀನು ಬರ್ದಂಗೇ ಇಲ್ಲ ಕಣ್ಲಾ" ಅಂದ.

ಮಾವ ಯಾಕೆ ಒಪ್ಪುತ್ತಾರೆ? ಬರೆಸದ ಕಾಗದವನ್ನು ಯಾರಾದರೂ ನನ್ನದು ಎನ್ನುತ್ತಾರೆಯೇ?

ಅಣ್ಣ


ಕೃಷ್ಣರಾಜನಗರ
೧೦ ಫೆಬ್ರವರಿ

ಅಣ್ಣ,

ಎನ್ನುತ್ತಾರೆ.

ಅಪ್ಪನೇ ಹೇಳಿದರು. ಮಾವ ತೊಟ್ಟಿಯಂಗಳದಲ್ಲಿ ಕೂತು ಎತ್ತಿಗೆ ಹಗ್ಗ ಹೊಸೆಯುತ್ತಿದ್ದರಂತೆ. ಅಪ್ಪನನ್ನು ಕಂಡು ಏಳಲಿಲ್ಲ. ಅಪ್ಪ ಕಾಗದ ತೆಗೆದು ತೋರಿಸಿದಾಗ, "ಅದೇನ್ ಬರೆದದೆ, ಒಂದ್ಸಲ ಓದಿ ಭಾವ" ಅಂದರಂತೆ. ಅಪ್ಪ ಓದಿದರು. ಮಾವ ಹಗ್ಗ ಕೆಳಗಿಟ್ಟು, ಒಳಗೆ ಆಡುತ್ತಿದ್ದ ತಮ್ಮ ಎರಡು ಮಕ್ಕಳನ್ನು ನೋಡಿ, "ಊಂ. ನಾನೇ ಬರೆಸಿದ್ದು" ಅಂದರಂತೆ. ಅಪ್ಪ ಇದನ್ನು ಸಂತೋಷದಿಂದ ಹೇಳುತ್ತಾರೆ.

ಒಲೆಗೆ ಹಾಕದೆ ಇಟ್ಟಿದ್ದ ನಿನ್ನ ಕಾಗದ ತೋರಿಸಿದೆ. ಹೆಬ್ಬೆಟ್ಟಿನ ವಿಷಯ ಬೆರಳಿಟ್ಟು ಓದಿದೆ. ಅಪ್ಪ, "ಅವನ್ ಬುದ್ದಿ ಗೊತ್ತಿಲ್ವೆ? ಯಾರೋ ಬರೆದದ್ದ ನಾನೇ ಬರ್ದೆ ಅಂತ ಕುಚೇಷ್ಟೆ. ಹೋದ್ ಸಲ ಪ್ಲೇಗು ಅಂತ ಬರ್ದು ಊರ್ನೇ ಎಬ್ಬಿಸ್ನಲ್ಲ" ಎಂದರು. ಕಾಗದವನ್ನು ಮಡಿಸಿ ನನಗೇ ಕೊಟ್ಟರು. ಆಮೇಲೆ ಮೆಲ್ಲಗೆ, "ಒಂದ್ಯಾಳೆ ಅವನೇ ಬರೆದಿದ್ರೂ, ಎಲೆ ಅಡ್ಕೆ ಇಡ್ದು ಮಾತ್ ಕೊಟ್ಟ್ ಬಂದಿದ್ದೀನಿ ಕಣವ್ವ" ಎಂದು ಎದ್ದು ಗದ್ದೆಗೆ ಹೋದರು.

ಶಿವರಾತ್ರಿ ಕಳೆದು ಲಗ್ನ. ಅಲ್ಲಿವರೆಗೆ ಕಡಗ ಹೀಗೇ. ಅಜ್ಜಿ ದಿನಾ ಬೇವಿನ ನೀರಿನಲ್ಲಿ ತೊಳೆಯುತ್ತಾರೆ, ತೊಳೆಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಟೀಚರು ಮನೆಗೆ ಬಂದಿದ್ದರು. ಅವರನ್ನು ಒಳಗೆ ಬಿಡಲಿಲ್ಲ; ಆ ಕುಕ್ಕೆ ಆಟ ಕಲಿಸಿದ್ದಕ್ಕೇ ಇಷ್ಟೆಲ್ಲ ಎಂದು. ಜಗಲಿಯಲ್ಲಿ ನಿಂತು ಹೋದರು.

ನಿನ್ನ ಕಾಲು ಹೇಗಿದೆ?

ಸುನಂದ


ಕೃಷ್ಣರಾಜನಗರ
೧೨ ಫೆಬ್ರವರಿ

ಚಿರಂಜೀವಿ ಗುರುಸ್ವಾಮಿಗೆ ತಂದೆ ನಿಂಗಯ್ಯನ ಆಶೀರ್ವಾದ.

ನಿನ್ನ ತಂಗಿಗೆ ಸೋದರಮಾವನೊಡನೆ ಶಿವರಾತ್ರಿ ಕಳೆದ ಎಂಟನೇ ದಿನ ಲಗ್ನ ನಿಶ್ಚಯವಾಗಿದೆ. ಎರಡು ದಿನ ಮುಂಚೆ ಬರತಕ್ಕದ್ದು. ನೀನು ನನಗೆ ಹಾಕಿದ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ತುಂಬ ನಕ್ಕರು. ಹುಡುಗ ಹಾಸ್ಯಗಾರ ಎಂದರು. ಇನ್ನು ಮುಂದೆ ಆ ಮಾತು ಎತ್ತಬೇಡ.

ಬಸ್ ಸ್ಟ್ಯಾಂಡಿಗೆ ಗಾಡಿ ಕಳಿಸುತ್ತೇನೆ. ಉಳುಕಿದ ಕಾಲು, ನಡೆಯಬೇಡ. ಜೋಪಾನ.

ನಿಂಗಯ್ಯ


ಹುಣಸೂರು
೯ ಮಾರ್ಚ್

ಸುನಂದ,

ಮದುವೆಯಲ್ಲಿ ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ. ಹೆಂಗಸರು ಬಿಡಲಿಲ್ಲ. ಮಕ್ಬೂಲನ ಮನೆಯ ಅರವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಅದನ್ನು ಹಾಗೆಯೇ ಹಿಂದಕ್ಕೆ ತಂದು ಕೊಟ್ಟೆ.

ಧಾರೆಗೆ ನೀನು ನಡೆದು ಬಂದದ್ದನ್ನು ನೋಡಿದೆ. ಅಜ್ಜಿ ಒಂದು ರಟ್ಟೆ, ಯಾರೋ ಒಂದು ರಟ್ಟೆ. ನನಗೆ ಮಾತ್ರ ಕೂರಲು ಚಾಪೆಯ ಮೇಲೆ ದಿಂಬು ಹಾಕಿಕೊಟ್ಟಿದ್ದರು. ನನ್ನ ಕಾಲಿಗೆ ಏನೂ ಆಗಿರಲಿಲ್ಲ.

ಮಾವ ಕಡಗಕ್ಕೆ ಬೆರಳು ಮುಟ್ಟಿಸಿದರು, ಮುದ್ದಯ್ಯ ಕೊಯ್ದ. ಅದರ ಜೊತೆಗೆ ಏನು ಬಂತೆಂದು ನಾನು ಬರೆಯಲಾರೆ. ಅಜ್ಜಿ, "ನೋಡ್ದಾ, ಮಾರವ್ವ ಕಾದ್ಲು" ಎಂದು ಎಲ್ಲರಿಗೂ ಹೇಳಿದರು. ಮುದ್ದಯ್ಯ ಅರ ಒರೆಸಿಕೊಳ್ಳುತ್ತಾ, "ಆವತ್ತೇ ಬುಟ್ಟಿದ್ರೆ ಕೀಲು ನೆಟ್ಟಗಿರ್ತಿತ್ತು" ಎಂದದ್ದು ನನಗೊಬ್ಬನಿಗೇ ಕೇಳಿಸಿತು ಎಂದುಕೊಂಡಿದ್ದೆ. ನೀನು ತಲೆಯೆತ್ತಿ ನೋಡಿದೆ.

ನಾವು ಕಪ್ಪು ಗೆದ್ದೆವು. ಕೊನೆಯ ಚೆಂಡು ನಾನೇ ಹಾಕಿದ್ದು. ನೆಗೆದೆ, ಇಳಿದೆ, ಏನೂ ಆಗಲಿಲ್ಲ. ಹುಡುಗರು ಹೆಗಲ ಮೇಲೆ ಹೊತ್ತುಕೊಂಡು ಪೇಟೆ ಬೀದಿಯಲ್ಲಿ ಮೆರೆಸಿದರು. ಇಳಿಸಿ ಎಂದರೆ ಇಳಿಸಲಿಲ್ಲ.

ನಾನು ಹಂಪಾಪುರಕ್ಕೆ ಬಂದು ಎಲ್ಲರ ಮುಂದೆ ಹೇಳುತ್ತೇನೆ. ನಿನ್ನನ್ನು ಕರೆದುಕೊಂಡು ಬರುತ್ತೇನೆ. ಇಲ್ಲ ಎನ್ನಬೇಡ. ಇನ್ನು ನನಗೆ ತಮಾಷೆಯ ಕಾಗದ ಬರೆಯುವ ಯೋಗ್ಯತೆಯಿಲ್ಲ. ಬರೆಯುವುದೂ ಇಲ್ಲ.

ಗುರುಸ್ವಾಮಿ


ಹಂಪಾಪುರ
೧೮ ಜೂನ್

ಅಣ್ಣ,

ಮೂರು ತಿಂಗಳು ಬರೆಯಲಾಗಲಿಲ್ಲ. ಈಗಲೂ ಅವರು ಎದುರಿಗೇ ಕೂತಿದ್ದಾರೆ. ಮಾವ ಎಂದು ಕರೆಯಬಾರದಂತೆ, ಬೇರೆ ಏನೂ ಬಾಯಿಗೆ ಬರುವುದಿಲ್ಲ, ಆದ್ದರಿಂದ ಕರೆಯುವುದೇ ಇಲ್ಲ. ಬರೆದದ್ದನ್ನು ಓದು ಎಂದರೆ ಮಳೆ, ಬೆಳೆ, ಎಲ್ಲರೂ ಚೆನ್ನಾಗಿದ್ದೇವೆ ಎಂದು ಓದಿ ಹೇಳುತ್ತೇನೆ.

ನೀನು ಬರಬೇಡ. ಬಂದು ಏನು ಹೇಳುತ್ತೀ? ಅವರಿಗೆ ಗೊತ್ತು. ಅಪ್ಪನಿಗೂ ಗೊತ್ತು. ಗೊತ್ತಿರುವವರಿಗೆ ಹೇಳಿ ಏನು ಮಾಡುತ್ತೀ.

ಹುಣ್ಣು ಮಾಯಿತು. ಕೀಲು ಒಳಕ್ಕೆ ತಿರುಗಿಕೊಂಡು ನಿಂತಿದೆ. ಸಮನೆಲದ ಮೇಲೂ ಒಂದೊಂದು ಸಲ ತಾನೇ ಹೊರಳುತ್ತದೆ. ಇಲ್ಲಿ ನೀರು ದೂರ. ಬೆಳಗ್ಗೆ ಹೊಳೆ, ಆಮೇಲೆ ಹಟ್ಟಿ, ಆಮೇಲೆ ಹೊಲಕ್ಕೆ ಬುತ್ತಿ, ಸಂಜೆ ಮತ್ತೆ ಹೊಳೆ. ಇವರು ಕೆಟ್ಟವರಲ್ಲ. ಹೊಡೆಯುವುದಿಲ್ಲ. ಕುಂಟಿ ಎಂದು ಯಾರೂ ಅನ್ನುವುದಿಲ್ಲ, "ಬಿರ್‍ನೆ ಬಾ ಅಮ್ಮಿ" ಎನ್ನುತ್ತಾರೆ, ಅಷ್ಟೇ. ನಾನು ಕೂತರೆ ಮಾತ್ರ ಮನೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಮಾರ್ಚಿನಲ್ಲಿ ನಿನ್ನ ಕಾಗದ ಬಂದ ದಿನ ಇವರು, "ಓದು, ಆ ಹಾಸ್ಯಗಾರ ಏನ್ ಬರ್ದವ್ನೆ" ಎಂದರು. ಅದನ್ನು ಓದುವುದು ಹೇಗೆ? ಕಾಗದವನ್ನು ಮುಖದ ಮುಂದೆ ಹಿಡಿದುಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಓದಿದೆ. ನಿಮ್ಮ ಡ್ರಿಲ್ ಮೇಷ್ಟ್ರು ಎಮ್ಮೆಗೆ ಕವಾಯತು ಕಲಿಸಿದ್ದು, ಎಮ್ಮೆ ಎಡಕ್ಕೆ ತಿರುಗು ಎಂದರೆ ಕೆರೆಗೆ ಹೋದದ್ದು, ಅಮಲ್ದಾರರು ಬಂದು ಅದಕ್ಕೆ ಸಲಾಮು ಹೊಡೆದದ್ದು. ಇವರು ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯವರನ್ನು ಕರೆದರು. ಮಕ್ಕಳು ಬಂದು ನನ್ನ ಪಕ್ಕ ಕೂತವು. "ಯಾಕ್ ನಿಂತ್ಕೊಂಡ್ ಓದೀಯ, ಕೂತ್ಕೊ, ಕೂತ್ಕೊಂಡ್ ಓದು" ಎಂದು ಇವರೇ ಮಣೆ ತಂದು ಹಾಕಿದರು. ಇನ್ನೊಮ್ಮೆ ಓದಿಸಿದರು. ಅಷ್ಟು ಹೊತ್ತು ಕಾಲು ಚಾಚಿಕೊಂಡಿದ್ದೆ. ಆ ದಿನ ಸಂಜೆಯ ನೀರನ್ನು ಪಕ್ಕದ ಮನೆಯವಳು ತಂದಳು.

ಅದಾದ ಮೇಲೆ ಅದೇ ಕಾಗದವನ್ನು ಎಷ್ಟೋ ಸಲ ಓದಿಸಿದ್ದಾರೆ. ಈಗ ಎಮ್ಮೆಯ ಕಥೆ ಮಕ್ಕಳಿಗೂ ಬಾಯಿಪಾಠ, ನಗು ಕಡಿಮೆಯಾಗಿದೆ. ಹೊಸದು ಕಟ್ಟಲು ನನಗೆ ನಿನ್ನ ಹಾಗೆ ಬರುವುದಿಲ್ಲ.

ವಾರಕ್ಕೊಂದು ಕಾಗದ ಹಾಕು. ಕ್ಷಮೆ ಗಿಮೆ ಎಂದು ಅದರಲ್ಲಿ ಜಾಗ ಹಾಳು ಮಾಡಬೇಡ. ನಗಿಸುವಂತೆ ಬರೆ. ಉದ್ದವಾಗಿ ಬರೆ.

ನಿನ್ನ ತಂಗಿ,
ಸುನಂದ